ಕಾಯಕವೆಂಬ ಕನ್ನಡಿ: ಶರಣರ ಅನುಭಾವ ಮತ್ತು ಕ್ವೇಕರರ ಮೌನ

ಅನುಭವ, ಅನುಭಾವ ಎಂಬ ಎರಡು ಪದಗಳ ನಡುವೆ ಇರುವುದು ಕೇವಲ ಒಂದು ದೀರ್ಘ ಸ್ವರದ ಅಂತರ. ಆದರೆ ಆ ದೀರ್ಘವನ್ನು ದಾಟುವುದು ಸುಲಭಸಾಧ್ಯವಲ್ಲ. ಹಸಿವು ನೀರಡಿಕೆ, ಬಿಸಿಲು ಮಳೆ, ಲಾಭ ನಷ್ಟ, ಹುಟ್ಟು ಸಾವು ಇವೆಲ್ಲ ಅನುಭವಗಳು. ಬಾಳಿದವರೆಲ್ಲರಿಗೂ ಇವು ಒದಗುತ್ತವೆ. ಇವುಗಳಲ್ಲಿ ಯಾವುದು ಯಾವಾಗ ಅನುಭಾವವಾಗಿ ಪರಿಣಮಿಸುತ್ತದೆ? ನಿತ್ಯದ ದುಡಿಮೆ, ಅಡಿಗೆ, ಮಾರಾಟ, ಕೊಡುಕೊಳೆಗಳು ಸಾಧಕನಿಗೆ ಅಡ್ಡಿಯೋ, ಅಥವಾ ಅವೇ ಸಾಧನೆಯ ಸಾಮಗ್ರಿಯೋ? ಈ ಪ್ರಶ್ನೆಯನ್ನು ಪ್ರಕೃತ ಲೇಖನದಲ್ಲಿ ಎರಡು ಕಡೆಯಿಂದ ನೋಡಲು ಯತ್ನಿಸಲಾಗಿದೆ. ಒಂದು, ಹನ್ನೆರಡನೆಯ ಶತಮಾನದ ನಮ್ಮ ಶಿವಶರಣರ ಕಾಯಕ ದೃಷ್ಟಿ. ಇನ್ನೊಂದು, ಹದಿನೇಳನೆಯ ಶತಮಾನದಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಕ್ವೇಕರರೆಂಬ ಕ್ರೈಸ್ತ ಸಾಧಕರ ಜೀವನಕ್ರಮ. ಕಾಲ ದೇಶಗಳಿಂದ ದೂರವಿರುವ ಈ ಎರಡು ಪಂಥಗಳು ಒಂದು ಬಿಂದುವಿನಲ್ಲಿ ಬಹಳ ಹತ್ತಿರ ಬರುತ್ತವೆ. ಆ ಬಿಂದು ಯಾವುದೆಂಬುದನ್ನು ಹೇಳುವ ಮುನ್ನ, ನಮ್ಮ ಸೀಮೆಯ ಒಂದು ರಾತ್ರಿಯನ್ನು ನೆನೆಯುವುದು ಉಚಿತ.

ಬ್ಯಾರನ್ನಿನ ಮುಂದೆ ಒಂದು ರಾತ್ರಿ

ಹುಣಸೂರು ತಾಲ್ಲೂಕಿನ ಹನಗೋಡು ಹೋಬಳಿ ವಿಶಿಷ್ಟವಾದ ಪ್ರದೇಶ. ಕೊಡಗಿನ ಬ್ರಹ್ಮಗಿರಿಯಲ್ಲಿ ಹುಟ್ಟಿ ಬರುವ ಲಕ್ಷ್ಮಣತೀರ್ಥಕ್ಕೆ ಇಲ್ಲಿ ಅಣೆಕಟ್ಟೆಯುಂಟು. ಕಾಲುವೆಯ ನೀರು ಹರಿಯುವಲ್ಲಿ ಬತ್ತ. ನೀರೇರದ ಕೆಂಪು ಹೊಲಗಳಲ್ಲಿ ರಾಗಿ, ಅವರೆ, ಹೊಗೆಸೊಪ್ಪು. ಅದರಾಚೆ ನಾಗರಹೊಳೆಯ ಕಾಡು. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳ ಖುಷ್ಕಿ ಹೊಲಗಳಲ್ಲಿ ಹೊಗೆಸೊಪ್ಪು ಮುಖ್ಯವಾದ ಹಣದ ಬೆಳೆ. ಮುಂಗಾರಿನ ಮೊದಲ ಮಳೆಗಳಿಗೆ ಸಸಿ ನೆಟ್ಟು, ಬುಡದ ಎಲೆಯಿಂದ ಮೇಲಕ್ಕೆ ಹಂತಹಂತವಾಗಿ ಸೊಪ್ಪು ಮುರಿದು, ಕಡ್ಡಿಗೆ ಕಟ್ಟಿ, ಬ್ಯಾರನ್ನಿನೊಳಗೆ ಸಾಲುಸಾಲಾಗಿ ತೂಗುಹಾಕಿ ಬೇಯಿಸುತ್ತಾರೆ.

ಈ ಬೇಯಿಸುವ ಕೆಲಸ ಅತ್ಯಂತ ಎಚ್ಚರದ ಕೆಲಸ. ಐದಾರು ದಿನ ಹಗಲಿರುಳೂ ಒಲೆಯ ಮುಂದೆ ಒಬ್ಬರು ಇರಲೇಬೇಕು. ಮೊದಲು ಎಲೆ ಹಳದಿಗೆ ತಿರುಗುವಷ್ಟು ಮಂದ ಶಾಖ. ಬಳಿಕ ಎಲೆಯ ಹಾಳೆ ಒಣಗುವಷ್ಟು. ಕಡೆಯಲ್ಲಿ ನಡುನರವೂ ಒಣಗುವಷ್ಟು. ಅವಸರದಿಂದ ಸೌದೆ ಒಟ್ಟಿದರೆ ಸೊಪ್ಪು ಕಪ್ಪಾಗುತ್ತದೆ. ತೂಕಡಿಸಿದರೆ ಬಣ್ಣ ಕೆಡುತ್ತದೆ. ಆಷಾಢದ ಜಡಿಮಳೆಯಲ್ಲಿ ಕಂಬಳಿ ಹೊದ್ದು, ಶಾಖಮಾಪಕವನ್ನು ಆಗಾಗ ನೋಡುತ್ತ, ಬೆಂಕಿಯ ಮುಂದೆ ಕುಳಿತ ರೈತನಿಗೆ ಏಕಾಂತ ತಾನಾಗಿಯೇ ದೊರೆಯುತ್ತದೆ. ಯಾವ ಗವಿಯ ತಪಸ್ವಿಗೂ ಇದಕ್ಕಿಂತ ಹೆಚ್ಚಿನ ಮೌನವಿರದು.

ಆ ಮೌನದಲ್ಲಿ ಭಾವುಕನಾದ ರೈತನಿಗೆ ಒಂದು ಹೋಲಿಕೆ ಹೊಳೆಯಬಹುದು: ಹಸಿ ಎಲೆ ಹದವಾದ ಶಾಖದಲ್ಲಿ ಹೊನ್ನಿನ ಬಣ್ಣಕ್ಕೆ ತಿರುಗುವಂತೆ, ಹಸಿಮನಸ್ಸು ಗುರುಕರುಣೆಯ ಶಾಖದಲ್ಲಿ ಪಕ್ವವಾಗುತ್ತದೆ ಎಂದು. ಹೋಲಿಕೆ ಚೆನ್ನಾಗಿಯೇ ಇದೆ. ಪ್ರವಚನದಲ್ಲಿ ಹೇಳಿದರೆ ಕೇಳುಗರು ತಲೆದೂಗಿಯಾರು. ಆದರೆ ಅದೇ ಒಲೆಯ ಮುಂದೆ ಇನ್ನೊಂದು ಮಾತೂ ಮನಸ್ಸಿಗೆ ಬರಬಹುದು: ಈ ಎಲೆ ಇಲ್ಲಿಂದ ಎಲ್ಲಿಗೆ ಹೋಗುತ್ತದೆ? ಯಾರ ಶ್ವಾಸಕೋಶವನ್ನು ಸೇರುತ್ತದೆ? ಈ ಸೌದೆ ಎಲ್ಲಿಂದ ಬಂದಿತು? ಮುಂಜಾನೆ ಇಬ್ಬನಿಯಲ್ಲಿ ನೆನೆದ ಸೊಪ್ಪನ್ನು ಮುರಿದ ಹೆಣ್ಣುಮಗಳಿಗೆ ತಲೆಸುತ್ತು, ವಾಕರಿಕೆ ಬಂದುದೇಕೆ?

ಮೊದಲನೆಯದು ಉಪಮಾನ, ಎರಡನೆಯದು ಪ್ರಶ್ನೆ. ನಿತ್ಯದ ಅನುಭವದಿಂದ ಉಪಮಾನವನ್ನು ಪಡೆಯುವುದು ಕಾವ್ಯ. ನಿತ್ಯದ ಅನುಭವವೇ ನಮ್ಮನ್ನು ಪ್ರಶ್ನಿಸುವಂತೆ ಬಿಟ್ಟು, ಆ ಪ್ರಶ್ನೆಗೆ ನಡೆಯಿಂದ ಉತ್ತರ ಕೊಡುವುದು ಅನುಭಾವ. ಶರಣರೂ ಕ್ವೇಕರರೂ ಕೂಡುವ ಬಿಂದು ಇದೇ ಎಂಬುದು ಈ ಲೇಖನದ ಪ್ರತಿಪಾದನೆ.

ಕಸುಬಿನ ಭಾಷೆ

ವಚನ ಸಾಹಿತ್ಯವನ್ನು ಓದುವ ವಿದ್ಯಾರ್ಥಿಗಳ ಗಮನವನ್ನು ಮೊದಲು ಸೆಳೆಯುವುದು ಅದರಲ್ಲಿ ತುಂಬಿರುವ ಕಸುಬುಗಳ ಲೋಕ. ಜೇಡರ ದಾಸಿಮಯ್ಯನವರು ನೇಕಾರರು. ಅಂಬಿಗರ ಚೌಡಯ್ಯನವರು ದೋಣಿ ನಡೆಸಿದವರು. ಮಡಿವಾಳ ಮಾಚಿದೇವರು ಬಟ್ಟೆ ಮಡಿ ಮಾಡಿದವರು. ಮೇದರ ಕೇತಯ್ಯನವರು ಬಿದಿರು ಹೆಣೆದವರು. ತುರುಗಾಹಿ ರಾಮಣ್ಣನವರು ದನ ಕಾಯ್ದವರು. ವೈದ್ಯ ಸಂಗಣ್ಣನವರು ಮದ್ದು ಕೊಟ್ಟವರು. ಶರಣೆಯರಲ್ಲಿ ಕದಿರ ರೆಮ್ಮವ್ವೆ ನೂಲು ತೆಗೆದರು, ಕೊಟ್ಟಣದ ಸೋಮವ್ವೆ ಬತ್ತ ಕುಟ್ಟಿದರು, ಸತ್ಯಕ್ಕ ಅಂಗಳ ಗುಡಿಸಿದರು. ಅದಕ್ಕೆ ಮೊದಲು ಕಾವ್ಯದ ಭಾಷೆಯಲ್ಲಿ ರಾಟೆಗೂ ಒನಕೆಗೂ ಪೊರಕೆಗೂ ಇಷ್ಟು ಗೌರವದ ಸ್ಥಾನವಿರಲಿಲ್ಲ. ಚಂಪೂ ಕವಿಗಳು ಅಷ್ಟಾದಶ ವರ್ಣನೆಗಳಲ್ಲಿ ಕಡಲನ್ನೂ ಬೆಟ್ಟವನ್ನೂ ಚಂದ್ರೋದಯವನ್ನೂ ವರ್ಣಿಸಿದರು. ಶರಣರು ತಮ್ಮ ಕೈಯಲ್ಲಿ ಹಿಡಿದ ಉಪಕರಣವನ್ನು ದಿಟ್ಟಿಸಿದರು.

ರೆಮ್ಮವ್ವೆಯವರಿಗೆ ರಾಟೆಯ ಒಂದೊಂದು ಅಂಗವೂ ಒಂದೊಂದು ತತ್ತ್ವವಾಗಿ ಕಂಡಿತು. ಒಕ್ಕಲಿಗ ಮುದ್ದಣ್ಣನವರಿಗೆ ಬೇಸಾಯವೇ ಅಂಗಸಾಧನೆಯ ರೂಪಕವಾಯಿತು. ಚೌಡಯ್ಯನವರಿಗೆ ಹೊಳೆ ದಾಟಿಸುವ ಕಾಯಕ ಭವಸಾಗರದ ಮಾತಿಗೆ ಸಹಜವಾದ ದಾರಿಯಾಯಿತು. ಇದನ್ನು ಕಂಡ ವಿಮರ್ಶಕರು ಅನೇಕರು, ವಚನಕಾರರ ಹಿರಿಮೆ ಇರುವುದು ಈ ದೇಸಿ ಉಪಮೆಗಳಲ್ಲಿ ಎಂದು ಹೇಳಿದ್ದಾರೆ. ಆ ಮಾತು ಸತ್ಯ. ಆದರೆ ಅರ್ಧ ಸತ್ಯ. ಕಸುಬು ಶರಣರಿಗೆ ಭಾಷೆಯನ್ನು ಮಾತ್ರ ಕೊಟ್ಟಿದ್ದರೆ ಅವರು ಒಳ್ಳೆಯ ಕವಿಗಳಾಗಿ ಉಳಿಯುತ್ತಿದ್ದರು. ಕಸುಬು ಅವರಿಗೆ ಒರೆಗಲ್ಲೂ ಆಯಿತು. ಆದ್ದರಿಂದ ಅವರು ಶರಣರಾದರು.

ಕಸುಬಿನ ಒರೆಗಲ್ಲು

ಇದಕ್ಕೆ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳ ಪ್ರಸಂಗಕ್ಕಿಂತ ಮಿಗಿಲಾದ ನಿದರ್ಶನ ಬೇರೆ ಬೇಕಿಲ್ಲ. ಕಲ್ಯಾಣದಲ್ಲಿ ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು, ಅದರಿಂದಲೇ ಜಂಗಮ ದಾಸೋಹ ನಡೆಸುವುದು ಮಾರಯ್ಯನವರ ಕಾಯಕ. ಒಂದು ದಿನ ಅವರು ವಾಡಿಕೆಗಿಂತ ಹೆಚ್ಚು ಅಕ್ಕಿಯನ್ನು ತಂದರು. ಲೌಕಿಕ ದೃಷ್ಟಿಗೆ ಇದು ಭಾಗ್ಯ. ಲಕ್ಕಮ್ಮನವರಿಗೆ ಅದು ಭಾಗ್ಯವಾಗಿ ಕಾಣಲಿಲ್ಲ. ಅಗತ್ಯಕ್ಕೆ ಮೀರಿದುದು ಆಸೆಯ ಫಲ, ಅದು ಈ ಮನೆಗೆ ಸಲ್ಲದು ಎಂದು ತಿಳಿಹೇಳಿ, ಹೆಚ್ಚಾದ ಅಕ್ಕಿಯನ್ನು ತಂದಲ್ಲಿಯೇ ಚೆಲ್ಲಿ ಬರುವಂತೆ ಗಂಡನನ್ನು ಹಿಂದಕ್ಕೆ ಕಳುಹಿಸಿದರು.

ಇಲ್ಲಿ ಗಮನಿಸಬೇಕಾದುದು, ಲಕ್ಕಮ್ಮನವರು ಅಕ್ಕಿಯನ್ನು ಯಾವುದಕ್ಕೂ ಹೋಲಿಸಲಿಲ್ಲ. ಅಕ್ಕಿ ಅವರಿಗೆ ಅಕ್ಕಿಯೇ. ಆದರೆ ಗಂಡನ ಉಡಿಯ ಭಾರ ನಿನ್ನೆಗಿಂತ ಇಂದು ಹೆಚ್ಚಾಗಿದೆ ಎಂಬ ಅತಿ ಸಣ್ಣ ಸಂಗತಿಯನ್ನು ಅವರು ಕಂಡರು, ಕಂಡು ಸುಮ್ಮನಿರಲಿಲ್ಲ. ಅಡಿಗೆಯ ಮನೆಯ ಹೊಸ್ತಿಲಲ್ಲಿ, ಒಲೆ ಹೊತ್ತಿಸುವ ಮುನ್ನ, ಮಹಾನುಭಾವವೊಂದು ನಡೆದುಹೋಯಿತು.

ಶೂನ್ಯಸಂಪಾದನೆಯಲ್ಲಿ ಇದೇ ದಂಪತಿಗಳ ಇನ್ನೊಂದು ಪ್ರಸಂಗವೂ ಬರುತ್ತದೆ. ಮಾರಯ್ಯನವರು ಪ್ರಭುದೇವರೊಡನೆ ತತ್ತ್ವಗೋಷ್ಠಿಯಲ್ಲಿ ಮೈಮರೆತಿದ್ದಾಗ, ಕಾಯಕದ ವೇಳೆ ಮೀರುತ್ತಿದೆಯೆಂದು ಲಕ್ಕಮ್ಮನವರು ಎಚ್ಚರಿಸುತ್ತಾರೆ. ಅಲ್ಲಮಪ್ರಭುವಿನ ಸನ್ನಿಧಿಯಿಂದಲೂ ಎಬ್ಬಿಸಿ ಅಕ್ಕಿ ಆಯಲು ಕಳುಹಿಸುವಷ್ಟು ಧೈರ್ಯ ಆ ತಾಯಿಗಿತ್ತು. ತತ್ತ್ವದ ಮಾತು ಕಾಯಕಕ್ಕೆ ಬದಲಿಯಾಗಲಾರದು ಎಂಬ ತಿಳಿವು ಅದು.

ನುಲಿಯ ಚಂದಯ್ಯನವರ ಕಥೆ ಇನ್ನೂ ಒಂದು ಹೆಜ್ಜೆ ಮುಂದಿಡುತ್ತದೆ. ಹುಲ್ಲು ಕೊಯ್ದು ಹಗ್ಗ ಹೊಸೆದು ಮಾರಿ, ಬಂದುದರಿಂದ ದಾಸೋಹ ಮಾಡುವುದು ಅವರ ಕಾಯಕ. ಹುಲ್ಲು ಕೊಯ್ಯುವಾಗ ಇಷ್ಟಲಿಂಗವೇ ಜಾರಿ ನೀರಿಗೆ ಬಿದ್ದರೂ ಅವರು ಕೆಲಸವನ್ನು ನಿಲ್ಲಿಸಲಿಲ್ಲವಂತೆ. ಲಿಂಗವೇ ಬೆನ್ನಟ್ಟಿ ಬಂದು ಬೇಡಿತು. ಮಾಚಿದೇವರು ನಡುವೆ ಬಂದು ಸಂಧಾನ ಮಾಡಿದರು. ಕಡೆಗೆ ಲಿಂಗವೂ ಕಾಯಕದಲ್ಲಿ ಪಾಲುಗೊಳ್ಳಬೇಕಾಯಿತು. ಇದನ್ನು ಲಿಂಗದ ಅವಗಣನೆಯೆಂದು ತಿಳಿಯಬಾರದು. ಗುರುವಾಗಲಿ ಲಿಂಗವಾಗಲಿ ಜಂಗಮವಾಗಲಿ ಕಾಯಕದಿಂದ ಹೊರಗಲ್ಲ ಎಂಬ ಘನವಾದ ನಿಲುವನ್ನು ಪುರಾಣದ ಭಾಷೆಯಲ್ಲಿ ಹೇಳಿದ ಪರಿ ಇದು.

ಈ ಎಲ್ಲ ಪ್ರಸಂಗಗಳಲ್ಲಿ ಕಾಣುವ ಕ್ರಮ ಒಂದೇ. ಸಣ್ಣದೊಂದು ನಿತ್ಯದ ಸಂಗತಿ. ಅದರ ಮುಂದೆ ನಿಲ್ಲುವಷ್ಟು ಎಚ್ಚರ. ಆ ಎಚ್ಚರದಿಂದ ಹುಟ್ಟುವ ಪ್ರಶ್ನೆ. ಪ್ರಶ್ನೆಗೆ ತಕ್ಕ ನಡೆ. ನುಡಿ ಆ ಬಳಿಕ ಬರುತ್ತದೆ.

ಕಡಲಾಚೆಯ ಮೌನ

ಈಗ ಕಡಲಾಚೆಗೆ ದೃಷ್ಟಿ ಹಾಯಿಸೋಣ. ಕ್ವೇಕರ್ ಪಂಥದ ಮೂಲಪುರುಷರಾದ ಜಾರ್ಜ್ ಫಾಕ್ಸ್ (೧೬೨೪-೧೬೯೧) ಇಂಗ್ಲೆಂಡಿನ ಒಬ್ಬ ನೇಕಾರನ ಮಗ. ಬಾಲ್ಯದಲ್ಲಿ ಚಮ್ಮಾರನೊಬ್ಬನ ಬಳಿ ಕೆಲಸ ಕಲಿತವರು. ಜೇಡರ ದಾಸಿಮಯ್ಯನವರನ್ನೂ ಮಾದಾರ ಚೆನ್ನಯ್ಯನವರನ್ನೂ ಹರಳಯ್ಯನವರನ್ನೂ ಬಲ್ಲ ನಮಗೆ ಈ ಹಿನ್ನೆಲೆ ಅಪರಿಚಿತವೆನಿಸದು. ಪ್ರತಿಯೊಬ್ಬ ಮನುಷ್ಯನೊಳಗೂ ದೇವರ ಬೆಳಕಿನ ಅಂಶವಿದೆ, ಅದನ್ನು ಕಾಣಲು ಪುರೋಹಿತನ ಮಧ್ಯಸ್ಥಿಕೆ ಬೇಕಿಲ್ಲ ಎಂಬುದು ಅವರ ಬೋಧನೆಯ ತಿರುಳು. ೧೬೫೨ರಲ್ಲಿ ಉತ್ತರ ಇಂಗ್ಲೆಂಡಿನ ಪೆಂಡಲ್ ಬೆಟ್ಟವನ್ನೇರಿದಾಗ ಅವರಿಗೆ ದೊರೆತ ದರ್ಶನದಿಂದ ಈ ಪಂಥದ ವ್ಯಾಪಕ ಪ್ರಸಾರ ಆರಂಭವಾಯಿತೆಂದು ಹೇಳುತ್ತಾರೆ. ಅವರು ತಮ್ಮನ್ನು ಮಿತ್ರರು ಎಂದು ಕರೆದುಕೊಂಡರು. ಕ್ವೇಕರ್ ಎಂದರೆ ನಡುಗುವವನು ಎಂದರ್ಥ. ಅದು ವಿರೋಧಿಗಳು ಹಾಸ್ಯಕ್ಕಾಗಿ ಇಟ್ಟ ಹೆಸರು, ಅದೇ ಕೊನೆಗೆ ಉಳಿಯಿತು.

ಅವರ ಮೂಲ ಸಂಪ್ರದಾಯದ ಉಪಾಸನೆಯಲ್ಲಿ ವೇದಿಕೆಯಿಲ್ಲ, ಮಂತ್ರವಿಲ್ಲ, ನಿಯತವಾದ ಉಪದೇಶವಿಲ್ಲ. ಗಂಡಸರೂ ಹೆಂಗಸರೂ ಸುಮ್ಮನೆ ಕೂಡಿ ಕುಳಿತುಕೊಳ್ಳುತ್ತಾರೆ. ಯಾರಿಗಾದರೂ ಒಳಗಿನಿಂದ ಪ್ರೇರಣೆಯಾದರೆ ಎದ್ದು ನಾಲ್ಕು ಮಾತನಾಡಿ ಮತ್ತೆ ಕುಳಿತುಕೊಳ್ಳುತ್ತಾರೆ. ಆ ನಾಲ್ಕು ಮಾತು ಬಹುಮಟ್ಟಿಗೆ ಶಾಸ್ತ್ರವ್ಯಾಖ್ಯಾನವಾಗಿರುವುದಿಲ್ಲ; ಆ ವಾರ ತೋಟದಲ್ಲೋ ರೋಗಿಯ ಹಾಸಿಗೆಯ ಬಳಿಯೋ ಮಗುವಿನ ಮಾತಿನಲ್ಲೋ ಕಂಡ ಒಂದು ಸಂಗತಿಯಾಗಿರುತ್ತದೆ. ಒಬ್ಬರ ನಿತ್ಯಾನುಭವ ಮೌನದಲ್ಲಿ ಅದ್ದಿಕೊಂಡು ಎಲ್ಲರ ಚಿಂತನೆಯ ವಸ್ತುವಾಗುತ್ತದೆ. ಇಂದು ಕ್ವೇಕರರಲ್ಲಿ ಪಾದ್ರಿಗಳನ್ನೂ ಪ್ರವಚನವನ್ನೂ ಉಳ್ಳ ಶಾಖೆಗಳಿವೆ. ಕೆನ್ಯಾ ದೇಶದಲ್ಲಿ ಅಂತಹವರ ಸಂಖ್ಯೆ ದೊಡ್ಡದು. ಇಲ್ಲಿ ಪ್ರಸ್ತಾಪಿಸುತ್ತಿರುವುದು ಮೌನೋಪಾಸನೆಯ ಸಂಪ್ರದಾಯವನ್ನು.

ಅವರಲ್ಲಿ ಇನ್ನೊಂದು ಪದ್ಧತಿಯಿದೆ. ಸಲಹೆಗಳು ಮತ್ತು ಪ್ರಶ್ನೆಗಳು ಎಂಬ ಸಂಗ್ರಹವೊಂದನ್ನು ಸಭೆಯಲ್ಲಿ ಆಗಾಗ ಓದುತ್ತಾರೆ. ಮನೆಯಲ್ಲಿ, ವ್ಯಾಪಾರದಲ್ಲಿ, ನೆರೆಹೊರೆಯಲ್ಲಿ ನಿನ್ನ ನಡೆ ಹೇಗಿದೆ ಎಂದು ಕೇಳುವ ಪ್ರಶ್ನೆಗಳು ಅವು. ಉತ್ತರವನ್ನು ಯಾರೂ ಹೇಳಿಕೊಡುವುದಿಲ್ಲ; ಪ್ರತಿಯೊಬ್ಬರೂ ತಮ್ಮ ದಿನಚರಿಯಲ್ಲಿಯೇ ಹುಡುಕಿಕೊಳ್ಳಬೇಕು. ಈ ಅಭ್ಯಾಸದ ಫಲ ಅಂಗಡಿಯಲ್ಲಿಯೂ ಕಂಡಿತು. ಚೌಕಾಸಿಯೇ ವಾಡಿಕೆಯಾಗಿದ್ದ ಕಾಲದಲ್ಲಿ ಕ್ವೇಕರ್ ವರ್ತಕರು ಎಲ್ಲರಿಗೂ ಒಂದೇ ಬೆಲೆ ಹೇಳಿದರು. ಒಂದು ಬೆಲೆ ಹೇಳಿ ಇನ್ನೊಂದಕ್ಕೆ ಕೊಡುವುದು ಸುಳ್ಳಾಡಿದಂತೆ ಎಂದು ಭಾವಿಸಿದರು.

ಒಬ್ಬ ದರ್ಜಿಯ ಬಾಳು

ನಿತ್ಯದ ಅನುಭವವನ್ನು ಒರೆಗಲ್ಲಾಗಿಸಿಕೊಂಡ ಕ್ವೇಕರರಲ್ಲಿ ಅಮೆರಿಕೆಯ ನ್ಯೂಜೆರ್ಸಿಯ ಜಾನ್ ವುಲ್ಮನ್ (೧೭೨೦-೧೭೭೨) ಅಗ್ರಗಣ್ಯರು. ಅವರ ಆತ್ಮವೃತ್ತಾಂತ ಮರಣಾನಂತರ ೧೭೭೪ರಲ್ಲಿ ಪ್ರಕಟವಾಯಿತು. ಅದರಲ್ಲಿ ಪವಾಡಗಳಿಲ್ಲ, ಇರುವುದು ಹಕ್ಕಿ, ಲೇಖನಿ, ಅಂಗಡಿ, ಬಟ್ಟೆ, ಸಕ್ಕರೆ.

ಬಾಲಕನಾಗಿದ್ದಾಗ ಒಮ್ಮೆ ಅವರು ಗೂಡಿನ ಬಳಿಯಿದ್ದ ತಾಯಿಹಕ್ಕಿಯೊಂದಕ್ಕೆ ಆಟಕ್ಕೆಂದು ಕಲ್ಲೆಸೆದರು. ಹಕ್ಕಿ ಸತ್ತು ಬಿತ್ತು. ಮೊದಲು ಗುರಿ ತಾಗಿದ ಸಂತೋಷ, ಮರುಗಳಿಗೆಯಲ್ಲಿ ಭೀತಿ. ತಾಯಿಯಿಲ್ಲದ ಮರಿಗಳು ಹಸಿದು ಸಾಯುವುದನ್ನು ನೆನೆದು, ಮರವೇರಿ ಆ ಮರಿಗಳನ್ನೂ ತಾವೇ ಕೊಂದರು. ಹಳ್ಳಿಯ ಹುಡುಗರಲ್ಲಿ ಕವಣೆ ಬೀಸದವರು ಯಾರು? ಅನುಭವ ಎಲ್ಲರದೂ ಹೌದು. ಆದರೆ ಆ ದಿನದ ನೋವನ್ನು ಮರೆಯದೆ, ಎಲ್ಲ ಜೀವಿಗಳ ಮೇಲಣ ಕರುಣೆಯ ಬೀಜವಾಗಿ ಅದನ್ನು ಬಾಳಿನುದ್ದಕ್ಕೂ ಕಾಪಾಡಿಕೊಂಡದ್ದು ವುಲ್ಮನ್ನರ ವೈಶಿಷ್ಟ್ಯ. ದಯೆಯನ್ನು ಧರ್ಮದ ಮೂಲವೆಂದು ಬಗೆದ ಬಸವಣ್ಣನವರ ಅನುಯಾಯಿಗಳಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಿಲ್ಲ.

ಮುಂದೆ ಅವರು ಒಂದು ಅಂಗಡಿಯಲ್ಲಿ ಗುಮಾಸ್ತರಾದರು. ಒಂದು ದಿನ ಯಜಮಾನನು ತನ್ನ ಕರಿಯ ದಾಸಿಯೊಬ್ಬಳನ್ನು ಮಾರಿರುವುದಾಗಿ ತಿಳಿಸಿ ಕ್ರಯಪತ್ರ ಬರೆಯಲು ಹೇಳಿದನು. ಕೊಳ್ಳುವವನು ಕಾದು ಕುಳಿತಿದ್ದನು. ವುಲ್ಮನ್ನರು ಸಂಕಟಪಡುತ್ತಲೇ ಬರೆದುಕೊಟ್ಟರು; ಆದರೆ ದಾಸ್ಯಪದ್ಧತಿ ತಮ್ಮ ಧರ್ಮಕ್ಕೆ ಒಪ್ಪುವುದಲ್ಲವೆಂದು ಅವರಿಬ್ಬರ ಎದುರಿಗೇ ಹೇಳಿದರು. ಹೇಳಿದ ಮೇಲೂ ಮನಸ್ಸು ತಿಳಿಯಾಗಲಿಲ್ಲ. ಮತ್ತೊಬ್ಬರು ಅಂತಹುದೇ ಪತ್ರಕ್ಕಾಗಿ ಬಂದಾಗ ಬರೆಯಲು ಒಪ್ಪಲಿಲ್ಲ. ಬಳಿಕ ನೆರೆಯವನೊಬ್ಬನು ಮೈಗೆ ಪೆಟ್ಟಾಗಿ ಉಯಿಲು ಬರೆಸಿದಾಗ, ಉಳಿದುದೆಲ್ಲವನ್ನೂ ಬರೆದು, ದಾಸಿಯನ್ನು ವಾರಸುದಾರರಿಗೆ ಬಿಡುವ ಭಾಗವನ್ನು ಮಾತ್ರ ಬರೆಯದೆ, ಕಾರಣವನ್ನು ಮೃದುವಾಗಿ ತಿಳಿಸಿದರು. ಆ ನೆರೆಯವನು ಯೋಚಿಸಿ, ಅವಳನ್ನು ಬಿಡುಗಡೆ ಮಾಡಲು ಒಪ್ಪಿದನು. ಆಗ ಉಯಿಲು ಪೂರ್ಣವಾಯಿತು. ಕೈಯಲ್ಲಿದ್ದ ಲೇಖನಿಯೇ ಇಲ್ಲಿ ಒರೆಗಲ್ಲು.

ಅವರ ಸ್ವಂತ ಅಂಗಡಿ ಬೆಳೆಯತೊಡಗಿದಾಗ ಅವರಿಗೆ ಸಂತೋಷಕ್ಕಿಂತ ಆತಂಕವೇ ಹೆಚ್ಚಾಯಿತು. ವ್ಯಾಪಾರ ಮನಸ್ಸನ್ನು ತುಂಬಿಬಿಟ್ಟರೆ ಒಳಗಿನ ದನಿಗೆ ಜಾಗವೆಲ್ಲಿ ಎಂದು ಯೋಚಿಸಿ, ಅಂಗಡಿಯನ್ನು ಕ್ರಮೇಣ ಬಿಟ್ಟು ದರ್ಜಿಯ ಕೆಲಸವನ್ನೂ ಸಣ್ಣದೊಂದು ಹಣ್ಣಿನ ತೋಟವನ್ನೂ ಉಳಿಸಿಕೊಂಡರು. ಆರು ಶತಮಾನಗಳ ಹಿಂದೆ ಲಕ್ಕಮ್ಮನವರು ಹಿಂದಕ್ಕೆ ಕಳುಹಿಸಿದ ಅಕ್ಕಿಯ ನೆನಪು ಇಲ್ಲಿ ಬಾರದಿರದು. ದಾಸರ ದುಡಿಮೆಯಿಂದ ತಯಾರಾಗುತ್ತಿದ್ದ ಸಕ್ಕರೆಯನ್ನು ಅವರು ತ್ಯಜಿಸಿದರು. ಬಟ್ಟೆಗೆ ಹಾಕುವ ಬಣ್ಣ ಕೊಳೆಯನ್ನು ಮುಚ್ಚಿಡುತ್ತದೆಯೇ ಹೊರತು ತೆಗೆಯುವುದಿಲ್ಲವೆಂದು ಬಣ್ಣವಿಲ್ಲದ ಉಡುಪನ್ನೇ ಧರಿಸಿದರು. ದಾಸರನ್ನಿಟ್ಟುಕೊಂಡವರ ಮನೆಯಲ್ಲಿ ತಂಗಬೇಕಾದಾಗ, ತಮಗೆ ಸೇವೆ ಮಾಡಿದ ದಾಸರಿಗೆ ಕೂಲಿಯೆಂದು ಹಣ ಕೊಡುತ್ತಿದ್ದರು.

ಅವರು ಯಾರನ್ನೂ ಬೈಯಲಿಲ್ಲ. ಮನೆಮನೆಗೆ ಹೋಗಿ, ಕುಳಿತು, ತಮ್ಮ ಸಂಕಟವನ್ನು ಹೇಳಿಕೊಂಡರು. ೧೭೫೮ರಲ್ಲಿ ಫಿಲಡೆಲ್ಫಿಯದ ಕ್ವೇಕರ್ ವಾರ್ಷಿಕ ಸಭೆ, ದಾಸರನ್ನು ಇಟ್ಟುಕೊಂಡಿರುವ ಸದಸ್ಯರನ್ನು ಕಂಡು ಮಾತನಾಡಲು ಒಂದು ಸಮಿತಿಯನ್ನು ನೇಮಿಸಿತು. ಅದರಲ್ಲಿ ವುಲ್ಮನ್ನರೂ ಇದ್ದರು. ೧೭೭೬ರಲ್ಲಿ ಅದೇ ಸಭೆ, ದಾಸರನ್ನಿಟ್ಟುಕೊಂಡವರು ತನ್ನ ಸದಸ್ಯರಾಗಿರಲು ಸಲ್ಲದೆಂದು ವಿಧಿಸಿತು. ಅಷ್ಟರಲ್ಲಿ ವುಲ್ಮನ್ನರು ಇಂಗ್ಲೆಂಡಿನ ಯಾರ್ಕ್ ನಗರದಲ್ಲಿ ಸಿಡುಬಿನಿಂದ ಲಿಂಗೈಕ್ಯರಂತೆ ಶಾಂತರಾಗಿ ತೀರಿಕೊಂಡು ನಾಲ್ಕು ವರ್ಷಗಳಾಗಿದ್ದವು. ಒಬ್ಬ ಗುಮಾಸ್ತನ ಮನಸ್ಸಿನ ಅಳುಕು ಮೂವತ್ತಕ್ಕೂ ಹೆಚ್ಚು ವರ್ಷಗಳ ತಾಳ್ಮೆಯಿಂದ ಒಂದು ಸಮಾಜದ ಶಾಸನವಾಯಿತು.

ಭಾರತಕ್ಕೂ ಈ ಪಂಥಕ್ಕೂ ನಂಟು ಉಂಟು. ಮಾರ್ಜರಿ ಸೈಕ್ಸ್ (೧೯೦೫-೧೯೯೫) ೧೯೨೮ರಲ್ಲಿ ಮದರಾಸಿಗೆ ಶಿಕ್ಷಕಿಯಾಗಿ ಬಂದು, ಕ್ವೇಕರರನ್ನು ಸೇರಿ, ಶಾಂತಿನಿಕೇತನದಲ್ಲಿಯೂ ಸೇವಾಗ್ರಾಮದಲ್ಲಿಯೂ ದುಡಿದು, ಮೈಸೂರು ಸೀಮೆಗೆ ದೂರವಲ್ಲದ ನೀಲಗಿರಿಯ ಕೋಟಗಿರಿಯಲ್ಲಿ ಬಹುಕಾಲ ನೆಲೆಸಿದರು. ಗಾಂಧೀಜಿಯವರ ನಯೀ ತಾಲೀಮಿನಲ್ಲಿ ಅವರು ತೊಡಗಿದುದು ಆಕಸ್ಮಿಕವಲ್ಲ. ಕೈಕೆಲಸದ ಮೂಲಕ ಕಲಿಕೆ ಎಂಬ ತತ್ತ್ವದಲ್ಲಿ ಕ್ವೇಕರ್ ಮನಸ್ಸಿಗೂ ಕಾಯಕದ ಮನಸ್ಸಿಗೂ ಸಮಾನವಾದ ನೆಲೆಯೊಂದಿದೆ.

ಸಾಮ್ಯ ಮತ್ತು ಭೇದ

ಸಾಮ್ಯವನ್ನು ಕಂಡಾಕ್ಷಣ ಎರಡೂ ಒಂದೇ ಎಂದು ಹೇಳುವುದು ವಿದ್ವತ್ತಿನ ಲಕ್ಷಣವಲ್ಲ. ಶರಣಧರ್ಮಕ್ಕೆ ಅಷ್ಟಾವರಣದ ರಕ್ಷೆಯಿದೆ, ಷಟ್‌ಸ್ಥಲದ ಸೋಪಾನವಿದೆ, ಅಂಗೈಯಲ್ಲಿ ಇಷ್ಟಲಿಂಗವಿದೆ. ಕ್ವೇಕರರು ಬಾಹ್ಯ ಸಂಸ್ಕಾರಗಳನ್ನು ಬಹುಮಟ್ಟಿಗೆ ಕೈಬಿಟ್ಟವರು. ಅವರ ನೆಲೆ ಕ್ರಿಸ್ತಭಕ್ತಿ. ಶರಣರು ತಮ್ಮ ಅನುಭಾವವನ್ನು ನುಡಿಯಾಗಿಸಿದರು, ಆ ನುಡಿ ಕನ್ನಡದ ಮಹಾಸಾಹಿತ್ಯವಾಯಿತು. ಕ್ವೇಕರರು ಮೌನವನ್ನೇ ಹೆಚ್ಚು ನಂಬಿದರು, ಅವರಿಂದ ಬಂದುದು ದಿನಚರಿಗಳೂ ಆತ್ಮವೃತ್ತಾಂತಗಳೂ. ಎಲ್ಲಕ್ಕಿಂತ ಮುಖ್ಯವಾಗಿ, ಶರಣರಲ್ಲಿ ಕಾಯಕದ ಫಲ ದಾಸೋಹಕ್ಕೆ ಸಲ್ಲುವ ನಿಯಮ ಸ್ಪಷ್ಟವಾಗಿದೆ. ಕಾಯಕ ಶುದ್ಧವಾಗಿದ್ದರೂ ಫಲವನ್ನು ಒಬ್ಬನೇ ಉಂಡರೆ ಅದು ಪ್ರಸಾದವಾಗುವುದಿಲ್ಲ.

ಆದರೂ ಮೂರು ಸಂಗತಿಗಳಲ್ಲಿ ಎರಡು ಪಂಥಗಳೂ ಒಟ್ಟಿಗೆ ನಡೆಯುತ್ತವೆ. ಮೊದಲನೆಯದು, ದೇವರನ್ನು ಕಾಣಲು ನಿತ್ಯದ ಬಾಳನ್ನು ಬಿಟ್ಟು ಓಡಬೇಕಿಲ್ಲ. ಎರಡನೆಯದು, ಗಂಡು ಹೆಣ್ಣು, ಮೇಲು ಕೀಳುಗಳೆನ್ನದೆ ಯಾರ ಅನುಭವವೂ ಗೋಷ್ಠಿಯಲ್ಲಿ ಸಲ್ಲುತ್ತದೆ. ಮೂರನೆಯದು, ಒಳಗೆ ಕಂಡುದು ಹೊರಗಿನ ನಡೆಯನ್ನು ಬದಲಿಸದಿದ್ದರೆ ಅದು ಕಂಡಂತಲ್ಲ.

ಮತ್ತೆ ಒಲೆಯ ಮುಂದೆ

ಈಗ ಹನಗೋಡಿನ ಬ್ಯಾರನ್ನಿಗೆ ಮರಳೋಣ. ಹೊಗೆಸೊಪ್ಪು ಬೆಳೆಯುವುದು ಕಾಯಕವೇ, ಅಲ್ಲವೇ? ಈ ಪ್ರಶ್ನೆ ನಮ್ಮ ಸೀಮೆಯ ಭಕ್ತರ ಮನೆಗಳಲ್ಲಿ ಆಗಾಗ ತಲೆಯೆತ್ತಿ, ಉತ್ತರವಿಲ್ಲದೆ ಮತ್ತೆ ಅಡಗಿಕೊಳ್ಳುತ್ತದೆ. ಬೆಳೆದವನು ಕಳ್ಳನಲ್ಲ. ೧೯೭೫ರ ಕಾಯಿದೆಯಂತೆ ತಂಬಾಕು ಮಂಡಳಿ ೧೯೭೬ರಲ್ಲಿ ಸ್ಥಾಪಿತವಾಯಿತು. ೧೯೮೪ರಿಂದ ಕರ್ನಾಟಕದಲ್ಲಿ ಹರಾಜು ಪದ್ಧತಿ ನಡೆದುಬಂದಿದೆ. ಕಟ್ಟೆಮಳಲವಾಡಿ, ಕಗ್ಗುಂಡಿಗಳ ಹರಾಜು ಮಾರುಕಟ್ಟೆಗೆ ಸೊಪ್ಪು ಒಯ್ದ ರೈತನಿಗೆ ಕೊಳ್ಳುವವನಿದ್ದಾನೆಂಬ ಭರವಸೆಯುಂಟು. ಮಳೆಯಾಶ್ರಯದ ಹಗುರ ಮಣ್ಣಿನಲ್ಲಿ ಇಂತಹ ಭರವಸೆಯ ಬೆಳೆಗಳು ವಿರಳ. ಮಗಳ ಮದುವೆ, ಮಗನ ಓದು, ಮನೆಯ ಸೂರು ಎಲ್ಲವೂ ಈ ಸೊಪ್ಪಿನಿಂದಲೇ ಆದ ಮನೆಗಳು ಎಷ್ಟೋ ಇವೆ. ಮಠಮಾನ್ಯಗಳಿಗೆ ಬಂದ ಕಾಣಿಕೆಯಲ್ಲಿಯೂ ಇದರ ಪಾಲಿದೆ ಎಂಬುದನ್ನು ನಾವು ಪ್ರಾಮಾಣಿಕವಾಗಿ ಒಪ್ಪಿಕೊಳ್ಳಬೇಕು.

ಇನ್ನೊಂದು ಕಡೆ, ಹೊಗೆಸೊಪ್ಪು ಮನುಷ್ಯನ ದೇಹಕ್ಕೆ ಮಾಡುವ ಹಾನಿ ಇಂದು ಸಂದೇಹಕ್ಕೆ ಎಡೆಯಿಲ್ಲದೆ ಸಿದ್ಧವಾಗಿದೆ. ಹಸಿಸೊಪ್ಪಿನ ನಿಕೋಟಿನ್ ಒದ್ದೆಯಾದ ಚರ್ಮದ ಮೂಲಕ ಒಳಸೇರಿ ಸೊಪ್ಪು ಮುರಿಯುವವರಿಗೇ ವಾಕರಿಕೆ, ತಲೆಸುತ್ತುಗಳನ್ನು ತರುತ್ತದೆ. ಬ್ಯಾರನ್ನಿನ ಸೌದೆಗೆ ಮರಗಳು ಉರುಳುತ್ತವೆ. ತಂಬಾಕು ನಿಯಂತ್ರಣದ ಅಂತರರಾಷ್ಟ್ರೀಯ ಒಪ್ಪಂದವನ್ನು ಭಾರತ ೨೦೦೪ರಲ್ಲಿ ಅನುಮೋದಿಸಿತು. ಬೆಳೆಗಾರರಿಗೆ ಬಾಳಿಕೆಯ ಪರ್ಯಾಯ ಜೀವನೋಪಾಯ ಒದಗಿಸಲು ನೆರವಾಗಬೇಕೆಂಬ ವಿಧಿಯೂ ಅದರಲ್ಲಿ ಸೇರಿದೆ.

ಕಾಯಕವೆಂದರೆ ಕೇವಲ ಶ್ರಮವಲ್ಲ. ಪರರಿಗೆ ಕೇಡು ತಾರದ, ಆಸೆಗೆ ಒಳಗಾಗದ, ಫಲವನ್ನು ಹಂಚಿಕೊಳ್ಳುವ ಶ್ರಮವೇ ಕಾಯಕವೆಂದು ಶರಣರು ತಿಳಿದಿದ್ದರು. ಈ ಅಳತೆಗೋಲಿನಿಂದ ನೋಡಿದರೆ ಹೊಗೆಸೊಪ್ಪಿನ ದುಡಿಮೆಯಲ್ಲಿ ಬೆವರು ಎಷ್ಟೇ ಪವಿತ್ರವಾಗಿದ್ದರೂ ಫಲದಲ್ಲಿ ಒಂದು ನೋವಿದೆ. ಈ ಮಾತನ್ನು ಹೇಳುವುದು ಕಷ್ಟ. ಹೇಳದೆ ಬಿಡುವುದು ಇನ್ನೂ ಕಷ್ಟ. ಆದರೆ ಇದನ್ನು ರೈತನೊಬ್ಬನ ತಲೆಯ ಮೇಲೆ ಹೊರಿಸುವುದು ಅನ್ಯಾಯ. ಕೊಳ್ಳುವ ಕಂಪನಿ, ತೆರಿಗೆ ಪಡೆಯುವ ಸರ್ಕಾರ, ಸೇದುವ ಓದುಬಲ್ಲ ಜನ, ಸಾಲ ಕೊಡುವವರು, ಕಾಣಿಕೆ ಪಡೆಯುವ ನಾವು, ಇವರೆಲ್ಲರೂ ಆ ಕಡ್ಡಿಗೆ ಕಟ್ಟಿದ ಎಲೆಗಳೇ.

ವುಲ್ಮನ್ನರ ಮಾರ್ಗ ಇಲ್ಲಿ ನಮಗೆ ನೆರವಾಗುತ್ತದೆ. ಅವರು ಮೊದಲು ತಮ್ಮ ಲೇಖನಿಯನ್ನು ತಡೆದರು, ಬಳಿಕ ನೆರೆಯವನ ಮನೆಗೆ ಹೋದರು. ತೀರ್ಪು ಹೇಳಲು ಹೋಗಲಿಲ್ಲ, ಜೊತೆಗೆ ಕುಳಿತುಕೊಳ್ಳಲು ಹೋದರು. ಲಕ್ಕಮ್ಮನವರ ಮಾರ್ಗವೂ ಅದೇ. ಅವರು ಊರಿಗೆ ಉಪದೇಶ ಮಾಡಲಿಲ್ಲ. ತಮ್ಮ ಮನೆಯ ಹೊಸ್ತಿಲಲ್ಲಿ ತಮ್ಮ ಗಂಡನ ಉಡಿಯನ್ನು ನೋಡಿದರು. ಒಂದು ಎಕರೆಯನ್ನಾದರೂ ಬೇರೆ ಬೆಳೆಗೆ ತಿರುಗಿಸಿ ನೋಡುವ ರೈತ, ಸೊಪ್ಪು ಮುರಿಯುವವರಿಗೆ ಕೈಗವಸು ಕೊಡಿಸುವ ಮನೆಯೊಡತಿ, ಕಡಿದ ಮರಕ್ಕೆ ಬದಲಾಗಿ ಬದುವಿನಲ್ಲಿ ಸಸಿ ನೆಡುವ ಯುವಕ, ಪರ್ಯಾಯ ಬೆಳೆಗೆ ಮಾರುಕಟ್ಟೆ ಹುಡುಕಿಕೊಡುವ ಸಂಘ, ಇವರೆಲ್ಲ ಉತ್ತರದ ಕಡೆಗೆ ಒಂದೊಂದು ಹೆಜ್ಜೆ ಇಟ್ಟವರೇ. ಹೆಜ್ಜೆ ಸಣ್ಣದೆಂದು ನಾಚಬೇಕಿಲ್ಲ. ಹಿಂದಕ್ಕೆ ಹೋದ ಅಕ್ಕಿಯೂ ಹಿಡಿಯಷ್ಟೇ ಇದ್ದೀತು.

ಸಾಧಕರ ಅಭ್ಯಾಸಕ್ಕಾಗಿ ಒಂದು ಸೂಚನೆಯೊಡನೆ ಲೇಖನವನ್ನು ಮುಗಿಸಬಹುದು. ಸಂಜೆ ಲಿಂಗಪೂಜೆಗೆ ಕುಳಿತಾಗ, ಪೂಜೆಗೆ ಮುನ್ನ ಕೆಲ ನಿಮಿಷ ಸುಮ್ಮನಿದ್ದು ಆ ದಿನದ ಒಂದೇ ಒಂದು ಸಂಗತಿಯನ್ನು ಅಂಗೈ ಮೇಲೆ ಇಟ್ಟುಕೊಳ್ಳಬೇಕು. ಕೂಲಿಯವಳ ಮುಖವಿರಬಹುದು, ತಕ್ಕಡಿಯ ಮುಳ್ಳಿರಬಹುದು, ಮಗುವಿಗೆ ಆಡಿದ ಒರಟು ಮಾತಿರಬಹುದು. ಅದನ್ನು ಯಾವುದಕ್ಕೂ ಹೋಲಿಸದೆ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಇದರಲ್ಲಿ ನನಗೆ ಬೇಕಾದುದಕ್ಕಿಂತ ಹೆಚ್ಚನ್ನು ತೆಗೆದುಕೊಂಡೆನೇ? ಇದರಿಂದ ನೊಂದವರಾರು? ನಾಳೆ ಇದರಲ್ಲಿ ಏನನ್ನು ಬದಲಿಸಬಲ್ಲೆ? ಉತ್ತರ ಅಂದೇ ಬಾರದಿರಬಹುದು. ಪ್ರಶ್ನೆಯನ್ನು ಕೈಬಿಡದಿರುವುದೇ ಎಚ್ಚರ.

ಬ್ಯಾರನ್ನಿನ ಮುಂದೆ ರಾತ್ರಿಯಿಡೀ ಎಚ್ಚರವಿರುವ ಶಕ್ತಿ ನಮ್ಮ ರೈತನಿಗಿದೆ. ಎಲೆಯ ಬಣ್ಣ ಕೆಡಬಾರದೆಂದು ಅವನು ನಿದ್ರೆಗೆಡುತ್ತಾನೆ. ಅದೇ ಎಚ್ಚರ ತನ್ನ ಬಾಳಿನ ಬಣ್ಣದ ಕಡೆಗೂ, ಕಾಣದ ನೆರೆಯವನ ಉಸಿರಿನ ಕಡೆಗೂ ತಿರುಗಿದ ದಿನ, ಆ ಒಲೆಯ ಕಟ್ಟೆಯೇ ಅನುಭವಮಂಟಪವಾದೀತು. ಗುರುಕೃಪೆ ನಮ್ಮೆಲ್ಲರಿಗೂ ಅಂತಹ ಎಚ್ಚರವನ್ನು ಕರುಣಿಸಲಿ.